ಅಭ್ಯರ್ಥಿಗಳ ಅಫಿಡವಿಟ್ ಸೈಟು, ಆ್ಯಪು: ಕರಪತ್ರ ಟೈಪ್ ಮಾಡುವವಳು ಕಂಡಂತೆ

ಅಭ್ಯರ್ಥಿಗಳು ಪ್ರಮಾಣ ಮಾಡಿ ಬರೆದುಕೊಡುವ ಆಸ್ತಿ, ಕೇಸು, ಓದಿನ ವಿವರ ಸಿಗುವ ಚುನಾವಣಾ ಆಯೋಗದ ಅಫಿಡವಿಟ್ ಸೈಟು, ಅದರ ಜೊತೆಗಿರುವ 'ನೋ ಯುವರ್ ಕ್ಯಾಂಡಿಡೇಟ್' ಆ್ಯಪು ಉಪಯೋಗಕ್ಕೆ ಬರುತ್ತಾ ಅಂತ ಯಾರಾದರೂ ಕೇಳಿದರೆ, ಖಂಡಿತ ಬರುತ್ತೆ ಅಂತಲೇ ನಾನು ಹೇಳುವುದು. ಆದರೆ ಅರ್ಧ ಕರಪತ್ರಕ್ಕೆ ಮಾತ್ರ. ಅಭ್ಯರ್ಥಿ ತನ್ನ ಬಗ್ಗೆ ಹೇಳಿಕೊಳ್ಳುವ ಅರ್ಧಕ್ಕೆ. ಊರಿಗೆ ಏನು ಮಾಡಿದೆ ಅಂತ ಹೇಳಿಕೊಳ್ಳುವ ಇನ್ನರ್ಧಕ್ಕೆ ಬೇರೆ ಬಾಗಿಲು ತಟ್ಟಬೇಕು.

ಕರಪತ್ರದ ಮಾತು ಯಾಕೆ ತೆಗೆದೆ ಅಂದರೆ ಅದು ನನ್ನ ಕಸುಬು. ಮಂಡ್ಯದ ಗುತ್ತಲು ರಸ್ತೆ ಕಡೆ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಹಿಂದಿನ ಕೋಣೆಯಲ್ಲಿ ಒಂದು ಚಿಕ್ಕ ಆಫ್‌ಸೆಟ್ ಮೆಷಿನ್. ವರ್ಷಪೂರ್ತಿ ಲಗ್ನಪತ್ರಿಕೆ, ತಿಥಿ ಕಾರ್ಡು, ಸೊಸೈಟಿಯ ರಸೀದಿ ಪುಸ್ತಕ. ಎಲೆಕ್ಷನ್ ಬಂದರೆ ಕರಪತ್ರ. ಎಲ್ಲ ಪಕ್ಷದವರೂ ಬರುತ್ತಾರೆ, ಎಲ್ಲರಿಗೂ ಸಂಜೆಯೊಳಗೆ ಬೇಕು.

ಕರಪತ್ರ ಅಚ್ಚು ಹಾಕೋದು ಸುಮ್ನೆ ಅಲ್ಲ. ಜನಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಮುದ್ರಕರು ಯಾರು, ಪ್ರಕಾಶಕರು ಯಾರು ಅಂತ ಹೆಸರು, ವಿಳಾಸ ಕರಪತ್ರದ ಮೇಲೇ ಇರಬೇಕು. ಹಾಕಿಸುವವರು ಒಂದು ಘೋಷಣೆ ಬರೆದು ಸಹಿ ಮಾಡಬೇಕು. ಅವರನ್ನು ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ಆ ಘೋಷಣೆಯ ಪ್ರತಿ, ಜೊತೆಗೆ ಕರಪತ್ರದ ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇಷ್ಟೆಲ್ಲ ಕಟ್ಟುನಿಟ್ಟು ಇದೆ. ಒಳಗೆ ಬರೆದಿರುವ ಮಾತು ನಿಜವಾ ಅಂತ ಮಾತ್ರ ಯಾರೂ ಕೇಳಲ್ಲ. ಟಿವಿ, ರೇಡಿಯೊ ಜಾಹೀರಾತಾದರೆ ಮೊದಲೇ ಸಮಿತಿಗೆ ತೋರಿಸಿ ಒಪ್ಪಿಗೆ ತಗೋಬೇಕು. ಕರಪತ್ರಕ್ಕೆ ಅದೂ ಇಲ್ಲ.

ಹಾಗಾಗಿ ಟೈಪ್ ಮಾಡುವಾಗ ಪಕ್ಕದ ಮಾನಿಟರ್‌ನಲ್ಲಿ ಆಯೋಗದ ಸೈಟು ತೆರೆದಿಟ್ಟುಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಯಾರೂ ಹೇಳಿ ಮಾಡಿಸುತ್ತಿಲ್ಲ, ಇದಕ್ಕೆ ಯಾರೂ ದುಡ್ಡೂ ಕೊಡಲ್ಲ. ನಮ್ಮ ಅಂಗಡಿ ಹೆಸರು ಕೆಳಗಿರುತ್ತಲ್ಲ, ಅದಕ್ಕೆ.

ಸೈಟು ಬಳಸೋದು ಸುಲಭ. ಯಾವ ಚುನಾವಣೆ, ಯಾವ ರಾಜ್ಯ, ಯಾವ ಕ್ಷೇತ್ರ ಅಂತ ಆರಿಸಿದರೆ ಅಭ್ಯರ್ಥಿಗಳ ಫೋಟೊ, ಪಕ್ಷ ಸಾಲಾಗಿ ಬರುತ್ತೆ. ನಾಮಪತ್ರ ಅಂಗೀಕಾರ ಆಯ್ತಾ, ತಿರಸ್ಕಾರ ಆಯ್ತಾ, ವಾಪಸ್ ತಗೊಂಡ್ರಾ ಅನ್ನೋದೂ ಅಲ್ಲೇ ಗೊತ್ತಾಗುತ್ತೆ. ಹೆಸರಿನ ಮೇಲೆ ಒತ್ತಿದರೆ ಅಫಿಡವಿಟ್ ಇಳಿಸಿಕೊಳ್ಳಬಹುದು. ಆ್ಯಪ್‌ನಲ್ಲಿ ಇನ್ನೂ ಬೇಗ. ಮೇಲೇನೇ ಕ್ರಿಮಿನಲ್ ಹಿನ್ನೆಲೆ ಹೌದೋ ಇಲ್ಲವೋ ಅಂತ ತೋರಿಸಿಬಿಡುತ್ತೆ. ಪೈಸೆ ಖರ್ಚಿಲ್ಲ.

ನಿಜವಾದ ಸರಕು ಇರುವುದು ಒಳಗಿನ ಕಾಗದದಲ್ಲಿ. ಅಫಿಡವಿಟ್ಟೇ ಅದು, ಅದರ ಸರ್ಕಾರಿ ಹೆಸರು ನಮೂನೆ 26. ಅಭ್ಯರ್ಥಿಗಳ ಆಸ್ತಿ, ಕೇಸು, ಓದು ಮತದಾರರಿಗೆ ಗೊತ್ತಾಗಬೇಕು ಅಂತ ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು, 2003ರಲ್ಲಿ ಇನ್ನೊಮ್ಮೆ ಗಟ್ಟಿ ಮಾಡಿತು. ಅದರಿಂದಾಗಿ ಬಂದ ಕಾಗದ ಇದು. ಐದು ವರ್ಷದ ಆದಾಯ ತೆರಿಗೆ ಲೆಕ್ಕ, ಕೈಯಲ್ಲಿರುವ ನಗದು, ಬ್ಯಾಂಕ್ ಠೇವಣಿ, ಗಾಡಿ, ಒಡವೆ, ಜಮೀನು, ಮನೆ, ಸಾಲ ಎಲ್ಲವೂ ಇರುತ್ತೆ. ಗಂಡ ಅಥವಾ ಹೆಂಡತಿಯದ್ದು, ಅವಲಂಬಿತರದ್ದು ಬೇರೆ ಬೇರೆ ಕಾಲಂ. ಯಾವ ಕಾಲಂ ಕೂಡ ಖಾಲಿ ಬಿಡುವ ಹಾಗಿಲ್ಲ. ಏನೂ ಇಲ್ಲದಿದ್ದರೆ 'ಇಲ್ಲ' ಅಂತಾದರೂ ಬರೆಯಬೇಕು ಅಂತ 2013ರಲ್ಲಿ ಕೋರ್ಟೇ ಹೇಳಿದೆ. ಎಲ್ಲ ಬರೆದು ನೋಟರಿ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ರಾಜಕಾರಣಿ ಪ್ರಚಾರದ ಸಮಯದಲ್ಲಿ ಹೇಳುವ ಸಾವಿರ ಮಾತಿನಲ್ಲಿ ಪ್ರಮಾಣ ಮಾಡಿ ಹೇಳುವುದು ಇದೊಂದೇ. ಅದಕ್ಕೇ ನಾನು ಶುರು ಮಾಡುವುದು ಇಲ್ಲಿಂದ.

ಒಮ್ಮೆ ಒಬ್ಬರ ಕಡೆಯ ಹುಡುಗ ಕರಪತ್ರದ ಹಸ್ತಪ್ರತಿ ತಂದ. ಯಾವ ಚುನಾವಣೆ, ಯಾವ ಪಕ್ಷ ಅನ್ನೋದು ಬೇಡ. ಮೊದಲ ಸಾಲಿನಲ್ಲೇ 'ಎಂಜಿನಿಯರಿಂಗ್ ಪದವೀಧರರು' ಅಂತ ದಪ್ಪ ಅಕ್ಷರದಲ್ಲಿ ಹಾಕಬೇಕಂತೆ. ಅಫಿಡವಿಟ್ ತೆಗೆದು ನೋಡಿದರೆ ವಿದ್ಯಾರ್ಹತೆ ಕಾಲಂನಲ್ಲಿ ಇದ್ದದ್ದು ದ್ವಿತೀಯ ಪಿಯುಸಿ.

"ಏನಪ್ಪಾ ಇದು, ಆಯೋಗಕ್ಕೆ ಒಂದು, ಊರಿಗೆ ಒಂದಾ?" ಅಂದೆ.

"ಅಕ್ಕ, ನೀವು ಟೈಪ್ ಮಾಡೋರಾ, ಪೊಲೀಸ್ನೋರಾ?" ಅಂದ. ಆದರೂ ಆಚೆ ಹೋಗಿ ಫೋನ್ ಮಾಡಿದ. ವಾಪಸ್ ಬಂದು, "ಎಂಜಿನಿಯರಿಂಗ್ ಓದಿದವರು ಅಂತ ಹಾಕ್ಬುಡಿ ಅಕ್ಕ. ಕಾಲೇಜಿಗೆ ಹೋಗಿದ್ದಂತೂ ನಿಜವಂತೆ" ಅಂದ.

ಹಾಕಿದೆ. ಅದನ್ನು ಸುಳ್ಳು ಅಂತ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಒಂದು ಪದ ಬದಲಾಯಿತು, ಅದೇ ಲಾಭ.

ಜಮೀನಿನ ಕಾಲಂ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ 'ನಾನು ರೈತನ ಮಗ' ಅಂತ ಹೇಳದ ಅಭ್ಯರ್ಥಿಯೇ ಇಲ್ಲ. ನಮೂನೆ 26ರಲ್ಲಿ ಕೃಷಿ ಜಮೀನು ಎಲ್ಲಿದೆ, ಸರ್ವೆ ನಂಬರ್ ಎಷ್ಟು, ಎಷ್ಟು ಎಕರೆ ಗುಂಟೆ, ಪಿತ್ರಾರ್ಜಿತವೋ ಅಲ್ಲವೋ, ಕೊಂಡಿದ್ದಾದರೆ ಯಾವತ್ತು, ಎಷ್ಟಕ್ಕೆ, ಈಗಿನ ಬೆಲೆ ಎಷ್ಟು ಅಂತ ಬರೆಯಬೇಕು. ಇದು ನಮ್ಮ ರಾಜ್ಯದವರಿಗೆ ಒಂದು ದೊಡ್ಡ ಅನುಕೂಲ. ಯಾಕಂದ್ರೆ ನಮ್ಮಲ್ಲಿ 'ಭೂಮಿ' ಅನ್ನೋ ಸರ್ಕಾರದ ಪಹಣಿ ಸೈಟು ಇದೆ. ಪಹಣಿ ಕಂಪ್ಯೂಟರ್‌ಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಭೂಮಿ ಸೈಟಿನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಊರು, ಸರ್ವೆ ನಂಬರ್, ಹಿಸ್ಸಾ ಹಾಕಿದರೆ ಪಹಣಿ ಕಣ್ಣಮುಂದೆ. ಒಂಬತ್ತನೇ ಕಾಲಂನಲ್ಲಿ ಯಾರ ಹೆಸರು, ಹತ್ತರಲ್ಲಿ ಹೇಗೆ ಬಂತು, ಹನ್ನೊಂದರಲ್ಲಿ ಎಲ್ಲೆಲ್ಲಿ ಸಾಲ. ಅಫಿಡವಿಟ್ಟನ್ನೂ ಪಹಣಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ 'ರೈತನ ಮಗ' ಅನ್ನೋದಕ್ಕೆ ಒಂದು ಆಕಾರ ಬರುತ್ತೆ. ಅಪ್ಪನ ಕಾಲದ ಎರಡು ಎಕರೆ ಗದ್ದೆಯೋ, ಹೋದ ವರ್ಷ ರಿಂಗ್ ರೋಡ್ ಪಕ್ಕ ಕೊಂಡ ಹತ್ತು ಎಕರೆಯೋ ಅನ್ನೋದು.

ಒಂದು ಎಚ್ಚರಿಕೆ. ಪಹಣಿಯಲ್ಲಿ ಅಭ್ಯರ್ಥಿಯ ಹೆಸರು ಕಾಣಲಿಲ್ಲ ಅಂದಾಕ್ಷಣ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಡಬೇಡಿ. ನಮ್ಮ ಊರುಗಳಲ್ಲಿ ಪೌತಿ ಖಾತೆ ಆಗದೆ ಜಮೀನು ತಾತನ ಹೆಸರಿನಲ್ಲೇ ಕೂತಿರೋದು ಎಷ್ಟಿಲ್ಲ? ನಿಮ್ಮ ಮನೆಯ ಪಹಣಿ ಒಮ್ಮೆ ತೆಗೆದು ನೋಡಿ.

ಕೇಸಿನ ವಿಷಯದಲ್ಲಿ ಆ್ಯಪ್ ನನಗೆ ಅಷ್ಟು ಹಿಡಿಸಲಿಲ್ಲ. 'ಹೌದು' ಅಥವಾ 'ಇಲ್ಲ', ಎರಡೇ ಉತ್ತರ. ಮಂಡ್ಯದಲ್ಲಿ ರಾಜಕೀಯ ಮಾಡಿದವರ ಮೇಲೆ ಕಾವೇರಿ ಗಲಾಟೆಯ ಕೇಸು ಇರೋದು ಮಾಮೂಲಿ. ಹೆದ್ದಾರಿ ತಡೆದಿದ್ದು, ಅನುಮತಿ ಇಲ್ಲದೆ ಗುಂಪು ಸೇರಿದ್ದು ಇಂಥವು. ಅವರಿಗೂ 'ಹೌದು'. ಇನ್ನೊಬ್ಬರ ದುಡ್ಡು ನುಂಗಿದ ಕೇಸಿನವರಿಗೂ ಅದೇ 'ಹೌದು'. ಆ್ಯಪ್ ನೋಡಿ ನಿಲ್ಲಿಸಿದರೆ ಇಬ್ಬರೂ ಒಂದೇ ತಕ್ಕಡಿಗೆ. ಅಫಿಡವಿಟ್ ತೆರೆದರೆ ಮಾತ್ರ ಯಾವ ಠಾಣೆ, ಯಾವ ಸೆಕ್ಷನ್, ಆರೋಪಪಟ್ಟಿ ಆಯ್ತಾ ಇಲ್ವಾ ಅನ್ನೋದು ತಿಳಿಯುತ್ತೆ. ಕೇಸಿರುವವರು ಅದನ್ನು ಪೇಪರ್‌ನಲ್ಲೂ ಟಿವಿಯಲ್ಲೂ ಮೂರು ಸಲ ಹಾಕಿಸಬೇಕು ಅಂತ ನಿಯಮ ಇದೆ. ಹಾಕಿಸುತ್ತಾರೆ, ಇರುವೆ ಗಾತ್ರದ ಅಕ್ಷರದಲ್ಲಿ. ಡಿಟಿಪಿ ಮಾಡೋಳು ನಾನು, ಎಷ್ಟು ಪಾಯಿಂಟ್ ಸೈಜ್ ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ.

ಸೈಟಿನ ದೊಡ್ಡ ತೊಂದರೆ ಅಂದರೆ ಸ್ಕ್ಯಾನ್. ಕೆಲವರದ್ದು ಕೈಬರಹ, ಕೆಲವರದ್ದು ಮೂರನೇ ಕೈಯ ಜೆರಾಕ್ಸಿನ ಸ್ಕ್ಯಾನ್, ಒಂದೆರಡು ಪುಟ ತಲೆಕೆಳಗು. ಒಳಗೆ ಪದ ಹಾಕಿ ಹುಡುಕೋಕಾಗಲ್ಲ. ಛಾಪಾ ಕಾಗದದ ಸೀಲು ಸರಿಯಾಗಿ ಮೊತ್ತದ ಮೇಲೇ ಬಿದ್ದಿರುತ್ತೆ. ಇಂಥ ಕಡೆ ಕೈಹಿಡಿಯೋದು ಮೈನೇತಾ ಸೈಟು. ಅಹಮದಾಬಾದಿನ ಐಐಎಂ ಪ್ರಾಧ್ಯಾಪಕರು 1999ರಲ್ಲಿ ಕಟ್ಟಿದ ಎಡಿಆರ್ ಸಂಸ್ಥೆಯವರದ್ದು. ಅಫಿಡವಿಟ್ ಓದಿ, ಅಂಕಿಯನ್ನೆಲ್ಲ ಅಚ್ಚುಕಟ್ಟಾದ ಕೋಷ್ಟಕ ಮಾಡಿ ಹಾಕಿರುತ್ತಾರೆ. ಹಿಂದಿನ ಚುನಾವಣೆಯಲ್ಲಿ ಆಸ್ತಿ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ಹೋಲಿಸೋಕೆ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆದರೆ ನೆನಪಿರಲಿ, ಅವರೂ ತೋರಿಸೋದು ಅಭ್ಯರ್ಥಿ ಬರೆದುಕೊಟ್ಟಿದ್ದನ್ನೇ. ಬರೆದದ್ದು ನಿಜವಾ ಅಂತ ಆಯೋಗವೂ ಮನೆಗೆ ಹೋಗಿ ನೋಡಲ್ಲ, ಎಡಿಆರ್‌ನವರೂ ನೋಡಲ್ಲ. ಸುಳ್ಳು ಬರೆದರೆ 125ಎ ಸೆಕ್ಷನ್ನಿನಲ್ಲಿ 6 ತಿಂಗಳವರೆಗೆ ಶಿಕ್ಷೆ ಇದೆ. ಅಷ್ಟೊಂದು ಹೆದರಿಕೆ ಹುಟ್ಟಿಸುವ ಶಿಕ್ಷೆ ಅಂತ ನನಗನ್ನಿಸಲ್ಲ.

ಇನ್ನೊಂದು ಮಾತು, ಗ್ರಾಮ ಪಂಚಾಯಿತಿ ಎಲೆಕ್ಷನ್ನಿಗೆ ಈ ಸೈಟಿನಲ್ಲಿ ಹುಡುಕಿದರೆ ಏನೂ ಸಿಗಲ್ಲ. ಅದು ರಾಜ್ಯ ಚುನಾವಣಾ ಆಯೋಗದ್ದು, ಬೇರೆಯೇ ಆಫೀಸು.

ಈಗ ಇನ್ನರ್ಧ ಕರಪತ್ರ. 'ನಾನೇ ತಂದೆ, ನಾನೇ ಮಾಡಿಸಿದೆ, ನಾನೇ ಕೊಟ್ಟೆ.' ಇದಕ್ಕೆ ಫ್ಯಾಕ್ಟ್‌ಚೆಕ್ ಸೈಟುಗಳಿಲ್ವಾ ಅಂತ ಕೇಳ್ತೀರಿ. ಇವೆ. ನ್ಯೂಸ್‌ಚೆಕರ್‌ನವರದ್ದು ಕನ್ನಡದಲ್ಲೇ ಇದೆ. ಎಲ್ಲಿಯದೋ ಹಳೇ ವಿಡಿಯೊವನ್ನು ನಮ್ಮ ಊರಿನದು ಅಂತ ಹರಿಬಿಟ್ಟರೆ ಮೂಲ ಎಲ್ಲಿಯದು ಅಂತ ಹುಡುಕಿ ತೋರಿಸುತ್ತಾರೆ. ಆ ಕೆಲಸಕ್ಕೆ ಪೂರ್ತಿ ಮಾರ್ಕು. ಕೇಂದ್ರ ಸರ್ಕಾರದ ವಾರ್ತಾ ಕಚೇರಿ ಪಿಐಬಿಯ ಫ್ಯಾಕ್ಟ್‌ಚೆಕ್ 2019ರಿಂದ ಇದೆ, ಅದು ನೋಡೋದು ಕೇಂದ್ರ ಸರ್ಕಾರದ ಯೋಜನೆಗಳ ಬಗ್ಗೆ ಹಬ್ಬುವ ಸುದ್ದಿ ಮಾತ್ರ. ಸರ್ಕಾರವೇ ಸರ್ಕಾರದ ಮಾತಿಗೆ ಮಾರ್ಕು ಹಾಕೋದನ್ನ ಎಷ್ಟು ನಂಬಬೇಕು ಅನ್ನೋದು ನಿಮಗೆ ಬಿಟ್ಟದ್ದು. ಏನೇ ಆಗಲಿ, ನಮ್ಮ ತಾಲ್ಲೂಕಿನ ಯಾವುದೋ ಊರಿನ ಸಿಸಿ ರಸ್ತೆ ಯಾರ ಕಾಲದ್ದು ಅಂತ ನೋಡೋಕೆ ಡೆಲ್ಲಿಯಿಂದ ಯಾರೂ ಬರಲ್ಲ.

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ವೇನೇ ತಗೊಳ್ಳಿ. 2023ರ ಎಲೆಕ್ಷನ್ ಟೈಮಲ್ಲಿ ಆ ರಸ್ತೆಗೆ ಎಷ್ಟು ಅಪ್ಪಂದಿರು ಹುಟ್ಟಿಕೊಂಡರು ಅಂತ ಪ್ರೆಸ್ಸಿನವರಾದ ನಮಗೆ ಗೊತ್ತು. ನಾವು ಅಚ್ಚು ಹಾಕಿದ ಕರಪತ್ರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಅದನ್ನು ನಾಲ್ಕೈದು ಜನ, ಒಬ್ಬೊಬ್ಬರೂ ಒಂಟಿಯಾಗಿಯೇ ತಂದಿದ್ದಾರೆ. ಕಾಗದದಲ್ಲಿ ಸಿಗೋದು ಇಷ್ಟು. ಮೊದಲು ಅದು ರಾಜ್ಯ ಹೆದ್ದಾರಿ 17. ಆಮೇಲೆ ರಾಷ್ಟ್ರೀಯ ಹೆದ್ದಾರಿ 275. ಕೆಲಸ ಮಾಡಿಸಿದ್ದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ. ಬೆಂಗಳೂರಿಂದ ನಿಡಘಟ್ಟದವರೆಗೆ ಒಂದು ಪ್ಯಾಕೇಜು, ನಿಡಘಟ್ಟದಿಂದ ಮೈಸೂರಿನವರೆಗೆ ಇನ್ನೊಂದು. ಒಟ್ಟು 118 ಕಿಲೋಮೀಟರ್, ಸುಮಾರು 8,480 ಕೋಟಿ. ಉದ್ಘಾಟನೆ ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ, 2023ರ ಮಾರ್ಚ್ 12ಕ್ಕೆ, ಪ್ರಧಾನಿ ಮೋದಿಯವರಿಂದ. ರಾಷ್ಟ್ರೀಯ ಹೆದ್ದಾರಿ ಮಾಡಿದ್ದು ಒಂದು ಸರ್ಕಾರ, ರಸ್ತೆ ಕಟ್ಟಿಸಿದ್ದು ಇನ್ನೊಂದು, ಜಮೀನು ಬಿಟ್ಟುಕೊಟ್ಟಿದ್ದು ರೈತರು. ಒಬ್ಬ ಶಾಸಕ 'ನಾನೇ ತಂದೆ' ಅಂದರೆ ಅದು ಪೂರ್ತಿ ಸುಳ್ಳು ಅಂತಲೂ ಬರೆಯೋಕಾಗಲ್ಲ, ಒಂದು ಮನವಿ ಪತ್ರ ಕೊಟ್ಟಿರಬಹುದು. 'ತಂದೆ' ಅಂದೋರಲ್ಲಿ ಒಬ್ಬರೂ, ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಆ ಮುಖ್ಯರಸ್ತೆಗೆ ಹತ್ತುವ ಹಾಗಿಲ್ಲ ಅಂತ ಆದಾಗ 'ಅದನ್ನೂ ನಾನೇ ತಂದೆ' ಅನ್ನಲಿಲ್ಲ.

ಕನ್ನಂಬಾಡಿ ವಿಷಯ ಬಂದರೆ ನನಗೆ ನಗು. 'ನಮ್ಮ ಸರ್ಕಾರ ಬಂತು, ಕಟ್ಟೆ ತುಂಬಿತು' ಅಂತ ಬಾಗಿನದ ಫೋಟೊ ಸಮೇತ ಬರೆಸುತ್ತಾರೆ, ಎಲ್ಲ ಪಕ್ಷದವರೂ. ಗರಿಷ್ಠ ಮಟ್ಟ 124.80 ಅಡಿ, ಮಂಡ್ಯದ ಮಕ್ಕಳಿಗೂ ಬಾಯಿಪಾಠ. ದಿನದ ನೀರಿನ ಮಟ್ಟ ಪೇಪರಲ್ಲೂ ಬರುತ್ತೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸೈಟಿನಲ್ಲೂ ಸಿಗುತ್ತೆ. 2023ರಲ್ಲಿ ಕಟ್ಟೆ ತುಂಬಲಿಲ್ಲ, ನಾವೆಲ್ಲ ರಸ್ತೆಗೆ ಇಳಿದೆವು. 2024ರಲ್ಲಿ ತುಂಬಿತು. ಎರಡೂ ಮಳೆಗಾಲದಲ್ಲಿ ಇದ್ದದ್ದು ಅದೇ ಸರ್ಕಾರ, ಅದೇ ಮುಖ್ಯಮಂತ್ರಿ. ಕೊಡಗಿನಲ್ಲಿ ಮಳೆ ಬಂತು, ಅಷ್ಟೆ. ಇದಕ್ಕೆ ಫ್ಯಾಕ್ಟ್‌ಚೆಕ್ ಬೇರೆ ಬೇಕಾ?

'ಮನೆ ಮನೆಗೂ ನಲ್ಲಿ ನೀರು' ಅನ್ನೋದು ಚೆನ್ನಾಗಿ ಚೆಕ್ ಆಗುತ್ತೆ. ಜಲ ಜೀವನ್ ಮಿಷನ್ ಡ್ಯಾಶ್‌ಬೋರ್ಡ್‌ನಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ, ಊರು ಅಂತ ಇಳಿಯುತ್ತಾ ಹೋದರೆ ಎಷ್ಟು ಮನೆ, ಎಷ್ಟು ನಲ್ಲಿ ಅಂತ ಸಿಗುತ್ತೆ. ಯೋಜನೆ ಶುರುವಾದದ್ದು 2019ರ ಆಗಸ್ಟ್ 15ಕ್ಕೆ. ಕೇಂದ್ರ, ರಾಜ್ಯ ಎರಡರ ದುಡ್ಡೂ ಇದೆ, ಹಾಗಾಗಿ ಎರಡೂ ಕಡೆಯವರು ತಮ್ಮದು ಅಂತಾರೆ. ಆದರೆ ಡ್ಯಾಶ್‌ಬೋರ್ಡ್ ಎಣಿಸಿರೋದು ನಲ್ಲಿಯನ್ನ. ಈ ಸೈಟಿಗೆ ನಾನು ಪೂರ್ತಿ ಮಾರ್ಕು ಕೊಡದೇ ಇರೋದು ಅದಕ್ಕೇ. ಅಂಗಡಿಗೆ ಬಂದಿದ್ದ ಒಬ್ಬರು ಅಮ್ಮ ತಮ್ಮೂರ ಸಾಲು ನೋಡಿ, "ನಲ್ಲಿ ಅದೆ ಕಣವ್ವಾ, ಅದ್ರ ಮೇಲೆ ಟವಲ್ ಒಣಗಾಕ್ತೀವಿ" ಅಂದರು. ಆ ಮಾತನ್ನು ಸೇರಿಸೋಕೆ ಡ್ಯಾಶ್‌ಬೋರ್ಡ್‌ನಲ್ಲಿ ಕಾಲಂ ಇಲ್ಲ.

ಮಂಡ್ಯದ ಸಕ್ಕರೆ ಕಾರ್ಖಾನೆ ಮೈಶುಗರ್ ಬಗ್ಗೆ ಹೇಳೋರಿಗೆ ವಿಧಾನಸಭೆಯ ನಡಾವಳಿ, ಬಜೆಟ್ ಪುಸ್ತಕ ನೋಡಿ ಅಂತೀನಿ. ಎರಡೂ ಕನ್ನಡದಲ್ಲೇ ಸಿಗುತ್ತೆ. 1933ರ ಫ್ಯಾಕ್ಟರಿ, ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯೋಕೆ ಶುರು ಮಾಡಿತು. 'ಇಷ್ಟು ಕೋಟಿ ಕೊಡಿಸಿದೆ' ಅಂತ ಯಾರಾದರೂ ಅಂದರೆ, ಯಾವ ವರ್ಷದ ಬಜೆಟ್ಟಿನಲ್ಲಿ ಅಂತ ಕೇಳಿ. ಘೋಷಣೆ ಮಾಡಿದ ದುಡ್ಡು ಬೇರೆ, ಬಿಡುಗಡೆ ಆದದ್ದು ಬೇರೆ, ಖರ್ಚಾದದ್ದು ಬೇರೆ. ಕರಪತ್ರದಲ್ಲಿ ಬರೋದು ಯಾವಾಗಲೂ ಮೂರರಲ್ಲಿ ದೊಡ್ಡ ಅಂಕಿ.

ನನಗೆ ಬೇಜಾರು ಇರೋದು ಕಾನೂನಿನ ಮೇಲೆ. ಎದುರಾಳಿಯ ನಡತೆ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿ ಓಟು ಕೆಡಿಸಿದರೆ ಅದು ಕಾನೂನಿನ ಕಣ್ಣಲ್ಲಿ 'ಭ್ರಷ್ಟ ಆಚರಣೆ', ಗೆದ್ದ ಚುನಾವಣೆಯೇ ರದ್ದಾಗಬಹುದು. ಅಫಿಡವಿಟ್ಟಿನಲ್ಲಿ ಸುಳ್ಳು ಬರೆದರೂ ಶಿಕ್ಷೆ ಇದೆ. ಮುದ್ರಕರ ಹೆಸರು ಬಿಟ್ಟುಹೋದರೆ ನನಗೂ ಶಿಕ್ಷೆ. ಆದರೆ ತಾನು ಮಾಡದ ಕೆಲಸವನ್ನು ಮಾಡಿದೆ ಅಂತ ಒಬ್ಬ ಅಭ್ಯರ್ಥಿ ಲಕ್ಷ ಪ್ರತಿ ಹಂಚಿದರೂ ಆ ಸಾಲಿಗೆ ಶಿಕ್ಷೆ ಇಲ್ಲ. ಆಯೋಗಕ್ಕೆ ದೂರು ಕೊಡುವ ಸಿ-ವಿಜಿಲ್ ಆ್ಯಪಿಗೆ ಹಾಕಿದರೆ 100 ನಿಮಿಷದಲ್ಲಿ ಕ್ರಮ ಆಗುತ್ತಂತಲ್ಲ ಅಂತ ಕೇಳೋರಿದ್ದಾರೆ. ಅದು ಸೀರೆ, ಹಣ, ಹೆಂಡ ಹಂಚುವುದಕ್ಕೆ, ಅನುಮತಿ ಇಲ್ಲದ ಬ್ಯಾನರಿಗೆ. ಬಡಾಯಿಗೆ ಅಲ್ಲ.

ಅಲ್ಲಿಗೆ ಉಳಿಯೋದು ಮಾಹಿತಿ ಹಕ್ಕು. ಈ ಇನ್ನರ್ಧಕ್ಕೆ ನಾನು ಕಂಡಂತೆ ಇದರಷ್ಟು ಗಟ್ಟಿಯಾದ ಸೇವೆ ಬೇರೆ ಇಲ್ಲ, ಬೆಲೆ 10 ರೂಪಾಯಿ. ನಮ್ಮ ರಾಜ್ಯದಲ್ಲಿ ಎರಡು ಕಟ್ಟು ಇದೆ. ಒಂದು ಅರ್ಜಿಗೆ ಒಂದೇ ವಿಷಯ, ಮತ್ತು 150 ಪದ ಮೀರಬಾರದು. ಜನ ಬಂದು ಕೂತು 'ಈ ರಸ್ತೆ ಯಾಕೆ ಹೀಗಿದೆ, ಇದನ್ನ ನಿಜವಾಗಿ ಯಾರು ಮಾಡಿಸಿದ್ದು' ಅಂತ ಬರೆಸುತ್ತಾರೆ. ಹಾಗೆ ಕೇಳಿದರೆ ಉತ್ತರ ಬರಲ್ಲ. ಅಭಿಪ್ರಾಯ ಕೊಡೋದು ಅವರ ಕೆಲಸ ಅಲ್ಲ, ಕಡತದಲ್ಲಿ ಇರೋದನ್ನ ಕೊಡೋದಷ್ಟೆ. ನಾನು ಟೈಪ್ ಮಾಡಿಕೊಡೋದು ಹೀಗೆ: 'ಸದರಿ ರಸ್ತೆ ಕಾಮಗಾರಿಗೆ ಆಡಳಿತಾತ್ಮಕ ಅನುಮೋದನೆ ನೀಡಿದ ಆದೇಶದ ಸಂಖ್ಯೆ ಮತ್ತು ದಿನಾಂಕ, ಲೆಕ್ಕ ಶೀರ್ಷಿಕೆ, ಕಾರ್ಯಾದೇಶದ ದಿನಾಂಕ, ಅಳತೆ ಪುಸ್ತಕದ ಪುಟಗಳು ಮತ್ತು ಅಂತಿಮ ಬಿಲ್ಲಿನ ದೃಢೀಕೃತ ಪ್ರತಿ.' ಅನುಮೋದನೆಯ ದಿನಾಂಕ ಸಿಕ್ಕಿತು ಅಂದರೆ ಆಗ ಶಾಸಕರು ಯಾರಿದ್ದರು ಅಂತ ಯಾರನ್ನೂ ಕೇಳಬೇಕಿಲ್ಲ. ಲೆಕ್ಕ ಶೀರ್ಷಿಕೆ ಸಿಕ್ಕಿದರೆ ದುಡ್ಡು ಯಾರ ಗಂಟಿನದು ಅಂತ ಗೊತ್ತಾಗುತ್ತೆ.

ತೊಂದರೆ ಒಂದೇ, ಟೈಮು. ಉತ್ತರ ಕೊಡೋಕೆ ಅವರಿಗೆ 30 ದಿನ ಇದೆ. ನಾಮಪತ್ರ ವಾಪಸಾತಿ ಮುಗಿದು ಓಟಿಗೆ ಕಾನೂನು ಕೇಳುವುದು ಕನಿಷ್ಠ 14 ದಿನದ ಅಂತರ. ಕರಪತ್ರ ಕೈಗೆ ಬಂದ ಮೇಲೆ ಅರ್ಜಿ ಹಾಕಿದರೆ ಉತ್ತರ ಬರುವಷ್ಟರಲ್ಲಿ ಗೆದ್ದವರ ಮೆರವಣಿಗೆಯೂ ಮುಗಿದಿರುತ್ತೆ. ಹಾಗಾಗಿ ನಿಮ್ಮೂರಲ್ಲಿ ಈಗ ಗುದ್ದಲಿ ಪೂಜೆ ಆಗುತ್ತಿರುವ ಕೆಲಸಕ್ಕೆ ಅರ್ಜಿ ಈಗಲೇ ಹಾಕಿ. ಅಂಚೆ ಕಚೇರಿಯಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ತಗೊಂಡು ಹೋಗಿ, ಇಲ್ಲ ರಾಜ್ಯದ ಆರ್‌ಟಿಐ ಆನ್‌ಲೈನ್ ಸೈಟಿನಲ್ಲಿ ಹಾಕಿ. ಬಿಪಿಎಲ್ ಕಾರ್ಡ್ ಇದ್ದರೆ ಅದರ ಜೆರಾಕ್ಸ್ ಜೊತೆಗಿಡಿ, 10 ರೂಪಾಯಿಯೂ ಇಲ್ಲ. ಸ್ವೀಕೃತಿ ಇಸ್ಕೊಳ್ಳೋದು ಮರೀಬೇಡಿ. 30 ದಿನ ದಾಟಿದರೆ ಮೇಲ್ಮನವಿಗೆ ಅದೇ ಬೇಕಾಗೋದು.